ಮುಳ್ಳು ಐವತ್ತರಲ್ಲಿತ್ತು

ನಮ್ಮ ರಾಮಕೃಷ್ಣನಗರದ ಪಕ್ಕದ ಮನೆಯ ಹುಡುಗಿ ಬಸ್ ಡಿಪೋ ಒಂದರ ವರ್ಕ್‌ಷಾಪಿಗೆ ತರಬೇತಿಗೆ ಸೇರಿದ್ದಾಳೆ. ಮೊನ್ನೆ ಬಂದು, "ತಾತ, ನೀವು ಗ್ಯಾರೇಜಿನಲ್ಲಿ ಜೀವಮಾನ ಕಳೆದವರು. ನಾನು ಮೊದಲು ಏನು ಕಲೀಬೇಕು ಹೇಳಿ" ಎಂದಳು. "ಯಾರಾದರೂ ಒಂದು ಸಂಖ್ಯೆ ಹೇಳಿದರೆ, 'ಏನು?' ಅಂತ ತಿರುಗಿ ಕೇಳೋದನ್ನ ಕಲಿ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಕ್ಕು, ನನ್ನ ಹೆಂಡತಿ ಕೊಟ್ಟ ಕೋಡುಬಳೆ ತಿಂದು ಹೋದಳು. ಅವಳಿಗೂ ಅವಳಂಥವರಿಗೂ ಬಿಡಿಸಿ ಹೇಳೋಣವೆಂದು ಇದನ್ನು ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದೆಲ್ಲ ಇದರಲ್ಲಿಲ್ಲ. ಅದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ನಾನು ಮೈಸೂರಿನ ಒಂದು ಖಾಸಗಿ ಬಸ್ ಕಂಪನಿಯ ಗ್ಯಾರೇಜಿಗೆ ಸೇರಿದೆ. ಕಂಪನಿಯ ಹೆಸರು ಬೇಡ, ಅದು ಈಗ ಇಲ್ಲವೇ ಇಲ್ಲ. ಇಂಜಿನ್ ಕೆಲಸಕ್ಕೆ ಆಳುಗಳು ಬೇಕಾದಷ್ಟು ಇದ್ದರು. ನನ್ನ ಬೆರಳು ಸಣ್ಣವು ಎಂಬ ಒಂದೇ ಕಾರಣಕ್ಕೆ ನನ್ನನ್ನು ಸ್ಪೀಡಾಮೀಟರ್ ರಿಪೇರಿಗೆ ಹಾಕಿದರು. ವೇಗ ತೋರಿಸುವ ಆ ಡಬ್ಬಿಯನ್ನು ನಾವೆಲ್ಲ ಬರೀ ಮೀಟರ್ ಎನ್ನುತ್ತಿದ್ದೆವು. ಕೆಲವೇ ತಿಂಗಳಲ್ಲಿ ನಾನು ಮೀಟರ್ ಕೃಷ್ಣಪ್ಪನಾದೆ. ನನ್ನ ಅಪ್ಪ ಇಟ್ಟ ಹೆಸರು ಗ್ಯಾರೇಜಿನಲ್ಲಿ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ.

ನಮ್ಮ ಹೆಡ್ ಮೇಸ್ತ್ರಿ ಗೌಸ್ ಸಾಹೇಬರು. ಕೆಲಸ ಕಲಿಸುವುದರಲ್ಲಿ ಗುರು, ಬೈಯುವುದರಲ್ಲಿ ಅದಕ್ಕಿಂತ ದೊಡ್ಡ ಗುರು. ಅವರ ಮೊದಲನೆಯ ಪಾಠ ನನಗಿನ್ನೂ ನೆನಪಿದೆ. ಗ್ಯಾರೇಜಿನ ಅಂಗಳದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಟೇಪು ಹಿಡಿದು ನಲವತ್ತನಾಲ್ಕು ಅಡಿ ಅಳೆಸಿ, ಅಲ್ಲಿ ಇನ್ನೊಂದು ಗೆರೆ ಎಳೆಸಿದರು.

"ಈಗ ಒಂದು ಸಲ ಸೀನು" ಎಂದರು.

ನಾನು ತಬ್ಬಿಬ್ಬಾಗಿ ನಿಂತೆ. "ಸೀನೋ!" ಎಂದು ಗದರಿದರು. ಸುಳ್ಳು ಸುಳ್ಳೇ ಸೀನಿದೆ.

"ಮೂವತ್ತು ಮೈಲಿಯಲ್ಲಿ ಹೋಗೋ ಡ್ರೈವರ್ ಒಂದು ಸಲ ಸೀನಿದ್ರೆ ಬಸ್ಸು ಆ ಗೆರೆಯಿಂದ ಈ ಗೆರೆಗೆ ಬಂದ್ಬುಡ್ತದೆ. ಗಂಟೆಗೆ ಎಷ್ಟು ಮೈಲಿ ಅನ್ನೋದು ಟಿಕೆಟ್ ತಗೊಂಡವನ ಲೆಕ್ಕ. ಸೆಕೆಂಡಿಗೆ ಎಷ್ಟು ಅಡಿ ಅನ್ನೋದು ರಸ್ತೆ ದಾಟೋನ ಲೆಕ್ಕ. ನಿನಗೆ ಎರಡೂ ಬರ್ಬೇಕು."

ಹದಿನೈದು ಮೈಲಿ ಎಂದರೆ ಇಪ್ಪತ್ತೆರಡು ಅಡಿ, ಮೂವತ್ತೆಂದರೆ ನಲವತ್ತನಾಲ್ಕು, ಅರವತ್ತೆಂದರೆ ಎಂಬತ್ತೆಂಟು. ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಈಗಲೂ ರಸ್ತೆ ದಾಟುವಾಗ ನನಗೆ ಎದುರಿನ ಕಾರು ಕಾಣುವುದಿಲ್ಲ, ಅಡಿಗಳೇ ಕಾಣುತ್ತವೆ. ಆಗ ದಾಟುವುದೇ ಬೇಡವೆನಿಸಿ ನಿಂತುಬಿಡುತ್ತೇನೆ. ನನ್ನ ಹೆಂಡತಿ ಜಯಮ್ಮ ಕೈ ಹಿಡಿದು ಎಳೆದುಕೊಂಡು ಹೋಗುತ್ತಾಳೆ.

ಮೀಟರ್ ಸರಿಯಾಗಿದೆಯೇ ಎಂದು ನೋಡಲು ಆಗ ಯಂತ್ರ ಇರಲಿಲ್ಲ. ಬಸ್ಸನ್ನು ನಂಜನಗೂಡು ರಸ್ತೆಗೆ ಒಯ್ದು, ಮುಳ್ಳನ್ನು ಮೂವತ್ತರ ಮೇಲೆ ಹಿಡಿದು, ಒಂದು ಮೈಲಿಕಲ್ಲಿನಿಂದ ಇನ್ನೊಂದು ಮೈಲಿಕಲ್ಲಿಗೆ ಗಡಿಯಾರ ನೋಡುವುದು. ಸರಿಯಾಗಿ ಎರಡು ನಿಮಿಷವಾದರೆ ಮೀಟರ್ ಸತ್ಯವಂತ. ಇಲ್ಲದಿದ್ದರೆ ಬಿಚ್ಚಿ ಸರಿಮಾಡಬೇಕು. ಎಷ್ಟೋ ದಿನ ಹೀಗೆ ಸುಖವಾಗಿ ನಡೆಯಿತು. ಆಮೇಲೆ ಇದ್ದಕ್ಕಿದ್ದಂತೆ ನಾವು ಸರಿಮಾಡಿ ಕಳಿಸಿದ ಬಸ್ಸುಗಳೆಲ್ಲ ತಡವಾಗಿ ಬರತೊಡಗಿದವು. ಡ್ರೈವರುಗಳು ಮುಳ್ಳು ನೋಡಿಕೊಂಡೇ ಬರುತ್ತೇವೆಂದು ದೇವರ ಮೇಲೆ ಆಣೆ ಇಡುತ್ತಾರೆ, ಮಾಲೀಕರು ನಮ್ಮ ಮೇಲೆ ಹಾರಾಡುತ್ತಾರೆ. ಕೊನೆಗೆ ಗೌಸ್ ಸಾಹೇಬರು ಟೇಪು ಹಿಡಿದು ರಸ್ತೆಯನ್ನೇ ಅಳೆಸಿದರು. ರಸ್ತೆ ರಿಪೇರಿಗೆ ಬಂದ ಕೂಲಿಯವರು ಒಂದು ಮೈಲಿಕಲ್ಲನ್ನು ಕಿತ್ತು, ಆಮೇಲೆ ತಮಗೆ ಅನುಕೂಲವಾದ ಒಂದು ಹುಣಸೆಮರದ ನೆರಳಿನಲ್ಲಿ ನೆಟ್ಟು ಹೋಗಿದ್ದರು! ನಮ್ಮ ಮೈಲಿ ಮೊಟಕಾಗಿತ್ತು. ಕಲ್ಲಿನಲ್ಲಿ ಕೆತ್ತಿದ್ದು ಎಂದ ಮಾತ್ರಕ್ಕೆ ನಂಬಬೇಡ ಎಂದು ಸಾಹೇಬರು ನನಗೆ ಹೇಳಿದರು. ಕಲ್ಲು ನೆಟ್ಟವರ ಬಗ್ಗೆ ಹೇಳಿದ್ದನ್ನು ಬರೆಯುವ ಹಾಗಿಲ್ಲ.

ಹೀಗೆ ಮೈಲಿಯೊಂದಿಗೆ ಸಂಸಾರ ಮಾಡಿಕೊಂಡಿದ್ದಾಗ ಕಿಲೋಮೀಟರು ಬಂತು. ಮೊದಲು ನಯಾಪೈಸೆ ಬಂತು, ಆಮೇಲೆ ಅಂಗಡಿಗೆ ಕಿಲೋ ಬಂತು, ಆಮೇಲೆ ರಸ್ತೆಗೆ ಕಿಲೋಮೀಟರು. ಡ್ರೈವರುಗಳು ಬಾಯಿಬಾಯಿ ಬಡಿದುಕೊಂಡರು. ಮ್ಯಾನೇಜರು ಮೈಲಿಯಿಂದ ಕಿಲೋಮೀಟರಿಗೆ ಒಂದು ಕೋಷ್ಟಕ ಟೈಪ್ ಮಾಡಿಸಿ ಗೋಡೆಗೆ ಅಂಟಿಸಿದರು. ಅದರ ಮೇಲೆ ಯಾರೋ ಎಲೆಅಡಿಕೆಯ ಸುಣ್ಣ ಒರೆಸಿದ್ದಲ್ಲದೆ ಬೇರೆ ಉಪಯೋಗ ಆಗಲಿಲ್ಲ.

ದಾರಿ ತೋರಿಸಿದವಳು ಜಯಮ್ಮ. ಆಗ ನಾವು ಲಕ್ಷ್ಮೀಪುರದಲ್ಲಿ ಒಂದು ವಠಾರದಲ್ಲಿದ್ದೆವು. ಅಂಗಡಿಯಲ್ಲಿ ದಿನವೂ ಸೇರಿಗೂ ಕಿಲೋಗೂ ಗುದ್ದಾಡುತ್ತಿದ್ದವರು ಹೆಂಗಸರೇ. ನಾನು ಐದು ಮೈಲಿಗೆ ಎಂಟು ಕಿಲೋಮೀಟರು ಎಂದು ಗೊಣಗುತ್ತಾ ಕೂತಿದ್ದರೆ, ಅವಳು ಅಕ್ಕಿ ಅಳೆಯುತ್ತಾ, "ಅದಕ್ಕ್ಯಾಕ್ರೀ ಅಷ್ಟು ಒದ್ದಾಟ? ಸೇರಿಗೆ ಸೇರು, ಮೇಲೆ ಅಚ್ಚೇರು, ಅದರ ಮೇಲೊಂದು ಅರೆಪಾವು. ಆಯ್ತಲ್ಲ?" ಎಂದಳು. ಸೇರಿನ ಅರ್ಧ ಅಚ್ಚೇರು, ಎಂಟರಲ್ಲೊಂದು ಪಾಲು ಅರೆಪಾವು. ಇಪ್ಪತ್ತು ಮೈಲಿ ಎಂದರೆ ಇಪ್ಪತ್ತು, ಅದರರ್ಧ ಹತ್ತು, ಮೇಲೆ ಎರಡೂವರೆ. ಮೂವತ್ತೆರಡೂವರೆ ಕಿಲೋಮೀಟರು. ಅಸಲು ಲೆಕ್ಕಕ್ಕಿಂತ ಒಂದು ಹಿಡಿ ಹೆಚ್ಚು, ಅಷ್ಟೆ. ಮರುದಿನ ಡ್ರೈವರುಗಳಿಗೆ ಹಾಗೇ ಹೇಳಿಕೊಟ್ಟೆ. ಸೇರು, ಅಚ್ಚೇರು, ಅರೆಪಾವು ಯಾರಿಗೆ ತಿಳಿಯದು? ಗ್ಯಾರೇಜಿನಲ್ಲಿ ಒಂದು ವಾರ ಎಲ್ಲರ ಬಾಯಲ್ಲೂ ಅಕ್ಕಿಯದೇ ಮಾತು.

ಡ್ರೈವರುಗಳಿಗೆ ಲೆಕ್ಕ ಬಂತು, ಮೀಟರುಗಳಿಗೆ ಬರಬೇಕಲ್ಲ. ಹೊಸ ಮೀಟರ್ ತರಿಸಿ ಎಂದರೆ ಮಾಲೀಕರು ಕೇಳುತ್ತಾರೆಯೇ? "ಮುಳ್ಳು ಅದೇ ಇರಲಿ, ಅಂಕಿ ಬದಲಾಯಿಸಿ" ಎಂದರು. ಮಾತು ತಪ್ಪೇನಲ್ಲ. ಮೈಲಿಯ ಮೂವತ್ತೊಂದು ಇದ್ದ ಜಾಗದಲ್ಲಿ ಐವತ್ತು ಎಂದು ಬರೆದರೆ ಅದೇ ಮೀಟರ್ ಕಿಲೋಮೀಟರ್ ತೋರಿಸುತ್ತದೆ. ನಾನು ಜಾಗ ಗುರುತುಮಾಡಿ ಕೊಡುವುದು, ಪೇಂಟರ್ ಪುಟ್ಟಸ್ವಾಮಿ ಸಣ್ಣ ಕುಂಚದಲ್ಲಿ ಅಂಕಿ ಬರೆಯುವುದು. ಬಣ್ಣ ಮಾಸಿದ ಮೈಲಿ ಮೀಟರುಗಳಿಗೂ ಹಿಂದೆ ಅವನೇ ಅಂಕಿ ಬರೆದಿದ್ದ. ಅವನ ಕೈಬರಹ ಮುತ್ತಿನಂಥದು. ಅಂಕಿಯ ಕೆಳಗೆ 'ಕಿ.ಮೀ.' ಎಂದು ಬರೆಯಲು ಹೊರಟಾಗ ಮಾಲೀಕರು ಅಡ್ಡ ಬಂದರು.

"ಅಲ್ಲಿ ಕಂಪನಿ ಹೆಸರು ಬರಿಯಪ್ಪಾ, ನೋಡೋಕೆ ಲಕ್ಷಣವಾಗಿರ್ತದೆ. ಕಿಲೋಮೀಟ್ರು ಅಂತ ಯಾರಿಗೆ ಗೊತ್ತಿಲ್ಲ?"

ಅದರಲ್ಲಿ ಜಾಗ ಇದ್ದದ್ದೇ ಅಷ್ಟು. ಕಂಪನಿಯ ಹೆಸರು ಕೂತಿತು, ಕಿಲೋಮೀಟರು ಹೊರಗುಳಿಯಿತು. ಅರ್ಧ ಬಸ್ಸುಗಳಿಗೆ ಹೊಸ ಅಂಕಿ, ಇನ್ನರ್ಧಕ್ಕೆ ಹಳೆಯ ಅಂಕಿ, ಎಲ್ಲದರ ಮೇಲೂ ಪುಟ್ಟಸ್ವಾಮಿಯ ಮುತ್ತು, ಅದೇ ಕಂಪನಿಯ ಹೆಸರು. ಮೀಟರುಗಳೂ ನಾನಾ ಕಂಪನಿಯವು, ಒಂದರ ಮುಳ್ಳು ತಿರುಗಿದಷ್ಟು ಇನ್ನೊಂದರದು ತಿರುಗದು. ಮುಖ ನೋಡಿ ಇದು ಮೈಲಿ, ಇದು ಕಿಲೋಮೀಟರು ಎಂದು ಹೇಳಲು ಬ್ರಹ್ಮನಿಗೂ ಸಾಧ್ಯವಿರಲಿಲ್ಲ. ನಮಗೆ ಅದು ತೊಂದರೆಯೆಂದೇ ಅನ್ನಿಸಲಿಲ್ಲ. ನಮ್ಮ ಜನ ಯಾವಾಗಲೂ 'ಮೂವತ್ತರಲ್ಲಿ ಬಂದೆ', 'ನಲವತ್ತರಲ್ಲಿ ಹೋದೆ' ಎನ್ನುವವರೇ ಹೊರತು ಮೂವತ್ತು ಏನು, ನಲವತ್ತು ಏನು ಎಂದು ಹೇಳುವವರಲ್ಲ.

ಈಗ ಬೋರೇಗೌಡರ ವಿಷಯ. ದಟ್ಟಗಳ್ಳಿಯವರು, ಒಕ್ಕಲುತನದ ಮನೆ. ಆಗ ದಟ್ಟಗಳ್ಳಿ ಹೊಲಗಳ ನಡುವಿನ ಹಳ್ಳಿ. ನಮ್ಮ ಡ್ರೈವರುಗಳಲ್ಲಿ ಅವರಷ್ಟು ನಿದಾನಸ್ಥರು ಇನ್ನೊಬ್ಬರಿರಲಿಲ್ಲ. ದನ ಅಡ್ಡ ಬಂದರೆ ಹಾರ್ನ್ ಕೂಡ ಮೆತ್ತಗೆ ಒತ್ತುವ ಮನುಷ್ಯ. ಒಂದು ಬೆಳಿಗ್ಗೆ ನಂಜನಗೂಡಿನಿಂದ ಬರುತ್ತಿದ್ದಾಗ, ಅಡ್ಡದಾರಿಯಿಂದ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ರಸ್ತೆಗೆ ಬಂತು. ಗೌಡರು ಬ್ರೇಕ್ ಒತ್ತಿದರೂ ಬಸ್ಸಿನ ಮಡ್‌ಗಾರ್ಡ್ ತಗುಲಿ ಸೈಕಲ್ ಬಿತ್ತು. ಹಾಲಿನ ಸಿದ್ದ ಎಂಬ ಆ ಯುವಕನ ಕಾಲು ಮುರಿಯಿತು. ಗೌಡರೇ ಅವನನ್ನು ಎತ್ತಿ ಬಸ್ಸಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಸೇರಿಸಿ, ನೆಟ್ಟಗೆ ಪೊಲೀಸ್ ಠಾಣೆಗೆ ಹೋದರು.

"ಎಷ್ಟರಲ್ಲಿ ಬರ್ತಿದ್ದೆ?" ಎಂದು ಕೇಳಿದರಂತೆ.

"ಮುಳ್ಳು ಐವತ್ತರಲ್ಲಿತ್ತು ಸ್ವಾಮಿ."

ಬರೆದುಕೊಳ್ಳುತ್ತಿದ್ದವರು ಮೈಲಿಯ ಕಾಲದವರು. ಗಂಟೆಗೆ ಐವತ್ತು ಮೈಲಿ ಎಂದು ಬರೆದರು. ಗೌಡರು ಸಹಿ ಹಾಕಿದರು. ಆ ರಸ್ತೆಯಲ್ಲಿ ಬಸ್ಸಿಗೆ ಮೂವತ್ತೈದು ಮೈಲಿ ದಾಟುವಂತಿರಲಿಲ್ಲ. ಲೈಸೆನ್ಸ್ ಹಿಡಿದಿಟ್ಟುಕೊಂಡರು, ಬಸ್ಸನ್ನು ಠಾಣೆಯ ಎದುರು ನಿಲ್ಲಿಸಿ ಮೀಟರಿಗೆ ಸೀಲ್ ಹಾಕಿದರು, ಕೇಸು ಹೂಡಿದರು. ಕಂಪನಿ ಗೌಡರನ್ನು ಕೆಲಸದಿಂದ ನಿಲ್ಲಿಸಿತು.

ಆ ಬಸ್ಸಿಗೆ ನಾನೇ ಕಿಲೋಮೀಟರಿನ ಅಂಕಿ ಹಾಕಿಸಿದ್ದೆ. ಹೋಗಿ ಹೇಳಿಬಿಟ್ಟರಾಯಿತು ಎಂದು ಹೊರಟವನನ್ನು ಗೌಸ್ ಸಾಹೇಬರು ತಡೆದರು. ನಾನು ತಂಗಿಯ ಮದುವೆಗೆ ರಜ ಹಾಕಿದ್ದ ವಾರ ಆ ಬಸ್ಸಿನ ಮೀಟರ್ ಕೆಟ್ಟಿತ್ತಂತೆ. ಫಿಟ್ಟರ್ ಕಪಾಟಿನಲ್ಲಿದ್ದ ಇನ್ನೊಂದನ್ನು ಹಾಕಿ ಕಳಿಸಿದ್ದ. ಅದು ಮೈಲಿಯದೋ ಕಿಲೋಮೀಟರಿನದೋ ಅವನಿಗೂ ಗೊತ್ತಿಲ್ಲ. ಮೈಲಿಯದಾಗಿದ್ದರೆ ಗೌಡರು ನಿಜವಾಗಿಯೂ ತಪ್ಪಿತಸ್ಥರು.

ಆ ಭಾನುವಾರ ದಟ್ಟಗಳ್ಳಿಗೆ ಹೋದೆ. ಗೌಡರು ಜಗುಲಿಯ ಮೇಲೆ ಕೂತಿದ್ದರು. ಗಡ್ಡ ಬೆಳೆದಿತ್ತು.

"ಗೌಡ್ರೇ, ನೀವು ಐವತ್ತು ಮೈಲಿಯಲ್ಲಿ ಹೊಡೆಯೋರಲ್ಲ. ಅದು ನಿಮಗೇ ಗೊತ್ತಿಲ್ವಾ?" ಎಂದೆ.

"ಗೊತ್ತಿತ್ತು ಕಣಪ್ಪಾ. ಈಗ ಗೊತ್ತಿಲ್ಲ" ಎಂದರು. "ದಿನಾ ಹೋಗೋ ಅಂಗೇ ಹೋಯ್ತಿದ್ದೆ ಅನ್ಕೊಂಡಿದ್ದೆ. ಆದ್ರೆ ಅವತ್ತು ಲೇಟಾಗಿತ್ತು. ಮನಸ್ಸು ಅವಸರದಲ್ಲಿತ್ತು. ಠಾಣೇಲಿ ಐವತ್ತು ಮೈಲಿ ಅಂತ ಓದಿದ್ಮೇಲೆ, ಜೋರಾಗೇ ಹೊಡೆದ್ಬುಟ್ನೇನೋ ಅನ್ನಿಸ್ತದೆ. ಆ ಹೈದ ಬಿದ್ದು 'ಅವ್ವಾ' ಅಂದದ್ದು ಕಿವೀಲಿ ಅಂಗೇ ಅದೆ."

"ಅವನನ್ನ ನೋಡ್ಕೊಂಡು ಬಂದ್ರಾ?"

"ಯಾವ ಮಕ ಇಟ್ಕೊಂಡು ಹೋಗ್ಲಿ?"

ಲೈಸೆನ್ಸ್ ಹೋದರೆ ಹೊಲ ಉಳುತ್ತೇನೆ, ಜೈಲಾದರೆ ಇದ್ದು ಬರುತ್ತೇನೆ, ತಾನು ಮಾಡಿದ್ದೇನು ಎಂದು ತನಗೆ ಗೊತ್ತಾಗಬೇಕು ಎಂದರು ಗೌಡರು. ಅವರ ಮನೆಯಿಂದ ಲಕ್ಷ್ಮೀಪುರದವರೆಗೂ ಆ ಹಾಳು ಕಪಾಟನ್ನು ಶಪಿಸುತ್ತಾ ನಡೆದುಬಂದೆ.

ಮರುದಿನ ಧೈರ್ಯ ಮಾಡಿ ಮೋಟಾರು ವಾಹನಗಳ ಇನ್‌ಸ್ಪೆಕ್ಟರ್ ರಂಗರಾಜು ಅವರ ಬಳಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಕಪಾಟಿನ ಕಥೆಯನ್ನೂ ಬಚ್ಚಿಡಲಿಲ್ಲ. ಅವರು ಬೈಯಲಿಲ್ಲ.

"ನೀವು ಕಂಪನಿಯವರು. ನೀವು ಕಿಲೋಮೀಟರು ಅಂದರೆ ನಾನು ನಂಬಬೇಕಾಗಿಲ್ಲ, ಠಾಣೆಯವರು ಮೈಲಿ ಅಂದರೂ ನಂಬಬೇಕಾಗಿಲ್ಲ. ಮೀಟರನ್ನೇ ಕೇಳೋಣ. ಅದೇ ಬಸ್ಸು, ಅದೇ ಮೀಟರು, ಅದೇ ರಸ್ತೆ."

"ಮೈಲಿಯದೇ ಆಗಿದ್ದರೆ ಸಾರ್?" ಎಂದೆ.

"ಹಾಗೇ ಬರೀತೀನಿ" ಎಂದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಮಾತಿನಿಂದ.

ಕಲ್ಲನ್ನು ನಂಬಬೇಡಿ, ಅಳೆಸಿ ಎಂದು ಬೇಡಿಕೊಂಡೆ. ಒಪ್ಪಿದರು. ಕೋರ್ಟಿನ ಅಪ್ಪಣೆ ಬರಲು ಎರಡು ತಿಂಗಳಾಯಿತು. ಆಮೇಲೆ ಅಪಘಾತವಾದ ಜಾಗದಿಂದ ಅಳತೆಯ ಸರಪಳಿ ಹಿಡಿಸಿ ಸರಿಯಾಗಿ ಒಂದು ಕಿಲೋಮೀಟರು ಅಳೆಸಿ ಅಲ್ಲೊಂದು ಕೆಂಪು ಬಾವುಟ ನೆಡಿಸಿದರು. ಲೆಕ್ಕವನ್ನು ಇಬ್ಬರೂ ಕೂತು ಮಾಡಿದೆವು. ಮುಳ್ಳು ಐವತ್ತರಲ್ಲಿದ್ದಾಗ ಅದು ಮೈಲಿಯಾಗಿದ್ದರೆ ಎಂಬತ್ತು ಕಿಲೋಮೀಟರು, ಅಂದರೆ ಬಾವುಟ ನಲವತ್ತೈದು ಸೆಕೆಂಡಿಗೆ ಎದುರಾಗಬೇಕು. ಕಿಲೋಮೀಟರೇ ಆಗಿದ್ದರೆ ಎಪ್ಪತ್ತೆರಡು ಸೆಕೆಂಡಿಗೆ. ಗೌಡರ ಬದುಕು ಆ ಎರಡು ಸಂಖ್ಯೆಗಳ ನಡುವೆ ನಿಂತಿತ್ತು.

ಪೊಲೀಸರೇ ಬೇರೆ ಡ್ರೈವರನ್ನು ತಂದರು. ಇನ್‌ಸ್ಪೆಕ್ಟರು ಕೈಗಡಿಯಾರ ಹಿಡಿದು ಮುಂದೆ ಕೂತರು, ನಾನು ಅವರ ಹಿಂದೆ. ಗೌಡರು ಕೊನೆಯ ಸೀಟಿನಲ್ಲಿ. ಅವರು ತಮ್ಮ ಬಸ್ಸಿನಲ್ಲಿ ಪ್ರಯಾಣಿಕರಾಗಿ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿದ್ದರು.

ಬಸ್ಸು ದೂರದಿಂದಲೇ ವೇಗ ಹಿಡಿದು, ಮುಳ್ಳು ಐವತ್ತಕ್ಕೆ ನಿಂತ ಮೇಲೆ ಅಪಘಾತದ ಜಾಗ ದಾಟಿತು. "ಶುರು" ಎಂದರು ಇನ್‌ಸ್ಪೆಕ್ಟರು. ನಮ್ಮ ಹಳೆಯ ಬಸ್ಸುಗಳು ಜೋರಾಗಿ ಓಡಿದರೆ ಕಿಟಕಿಗಳೆಲ್ಲ ಗಡಗಡ ಎನ್ನುತ್ತವೆ. ಈಗ ಎನ್ನಲಿಲ್ಲ. ಅಲ್ಲಿಗೇ ನನಗೆ ತಿಳಿಯಬೇಕಿತ್ತು. ಆದರೆ ಹೆದರಿದ ಮನಸ್ಸು ತಿಳಿದದ್ದನ್ನೂ ನಂಬುವುದಿಲ್ಲ. ಅವರು ಗಟ್ಟಿಯಾಗಿ ಸೆಕೆಂಡು ಎಣಿಸುತ್ತಿದ್ದರು. ಮೂವತ್ತು. ನಲವತ್ತು. ನಾನು ರಸ್ತೆಯ ತುದಿಯನ್ನೇ ನೋಡುತ್ತಿದ್ದೆ. ಬಾವುಟ ಕಾಣದಿರಲಿ ದೇವರೇ ಎಂದು ಬೇಡಿಕೊಂಡೆ. ಬಸ್ಸು ಬೇಗ ತಲುಪದಿರಲಿ ಎಂದು ಹರಕೆ ಹೊತ್ತ ಬಸ್ ಕಂಪನಿಯ ನೌಕರ ನಾನೊಬ್ಬನೇ ಇರಬೇಕು.

"ನಲವತ್ತೈದು" ಎಂದರು. ಬಾವುಟ ಬರಲಿಲ್ಲ.

"ಐವತ್ತು." ಬರಲಿಲ್ಲ. ದೂರದಲ್ಲಿ ಕೆಂಪಗೆ ಒಂದು ಚುಕ್ಕೆ ಕಂಡಿತು, ಅಷ್ಟೆ. "ಅರವತ್ತು" ಎನ್ನುವಾಗ ಇನ್‌ಸ್ಪೆಕ್ಟರ ದನಿಯೂ ಸ್ವಲ್ಪ ಏರಿತ್ತು. ಹಿಂದೆ ತಿರುಗಿ ನೋಡಿದೆ. ಗೌಡರು ಕಣ್ಣು ತೆರೆದಿದ್ದರು. ಎದ್ದು, ಕಂಬಿ ಹಿಡಿದುಕೊಂಡು, ಒಂದೊಂದೇ ಸೀಟು ದಾಟಿ ಮುಂದೆ ಬರುತ್ತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗಿರಲಿಲ್ಲ.

ಬಾವುಟ ದಾಟಿದಾಗ ಎಪ್ಪತ್ತಮೂರು. ಬಸ್ಸು ನಿಂತಿತು.

"ಕಿಲೋಮೀಟರು" ಎಂದರು ರಂಗರಾಜು, ಬರೆದುಕೊಳ್ಳುತ್ತಾ. "ಮೂವತ್ತೊಂದು ಮೈಲಿ. ಮಿತಿಯೊಳಗೇ ಇದ್ರಿ ಗೌಡ್ರೇ. ಕೋರ್ಟಿನಲ್ಲಿ ನಾನೇ ಹೇಳ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ನಾಳೆಯೇ ಆ ಕಂಪನಿ ಹೆಸರನ್ನ ಅಳಿಸಿ, ಮೈಲಿಯೋ ಕಿ.ಮೀ.ಯೋ ಬರೆಸಿ. ಇಲ್ಲಾಂದ್ರೆ ನಿಮ್ಮ ಒಂದು ಬಸ್ಸೂ ರಸ್ತೆಗೆ ಇಳಿಯೋ ಹಾಗಿಲ್ಲ" ಎಂದರು. ಪುಟ್ಟಸ್ವಾಮಿ ಎರಡು ದಿನ ಊಟಕ್ಕೂ ಏಳದೆ ಬರೆದ. ಇನ್‌ಸ್ಪೆಕ್ಟರು ಆಡಿದ ಮಾತಿನಂತೆ ನಡೆದರು. ಕೇಸು ಬಿದ್ದುಹೋಯಿತು, ಲೈಸೆನ್ಸು ಬಂತು, ಗೌಡರು ಮತ್ತೆ ಅದೇ ರಸ್ತೆಯಲ್ಲಿ ಎಷ್ಟೋ ವರ್ಷ ಬಸ್ಸು ಓಡಿಸಿದರು. ಅದೆಲ್ಲ ಆಮೇಲಿನ ಮಾತು.

ಆ ದಿನ ನಾವೆಲ್ಲ ಬಸ್ಸು ತಿರುಗಿಸಿಕೊಂಡು ಮೈಸೂರಿಗೆ ಹೊರಡುವವರಿದ್ದೆವು. ನಾನು ಗೌಡರ ಭುಜ ತಟ್ಟಿದೆ. ಅವರಿಗೆ ಅದರ ಪರಿವೆ ಇರಲಿಲ್ಲ. ಇನ್‌ಸ್ಪೆಕ್ಟರಿಗೆ ಕೈಮುಗಿದು, "ಸ್ವಾಮಿ, ಆ ಹೈದನ ಊರು ಇಲ್ಲೇ, ಹೊಲದಾಚೆ. ಒಂದು ಗಳಿಗೆ ಹೋಗಿ ಬಂದ್ಬುಡ್ಲಾ?" ಎಂದರು.

ಇನ್‌ಸ್ಪೆಕ್ಟರು ಹೂಂ ಎಂದರು. ಗೌಡರು ಬಸ್ಸಿನಿಂದ ಇಳಿದು ರಾಗಿ ಹೊಲದ ಬದುವಿನ ಮೇಲೆ ನಡೆದರು. ಮೊದಲು ನಿದಾನ, ಆಮೇಲೆ ಬೇಗ ಬೇಗ. ನಾವು ಮರದ ಕೆಳಗೆ ಕೂತೆವು. ಒಂದು ಗಳಿಗೆ ಎಂದವರು ಬಿಸಿಲು ನೆತ್ತಿಗೆ ಬಂದರೂ ಬರಲಿಲ್ಲ. ಡ್ರೈವರು ಗೊಣಗಿದ. ಇನ್‌ಸ್ಪೆಕ್ಟರು ಮಾತ್ರ ಕೂತೇ ಇದ್ದರು. ಕೊನೆಗೆ ಬದುವಿನ ಮೇಲೆ ಗೌಡರ ಬಿಳಿ ರುಮಾಲು ಕಂಡಿತು.

"ಏನಂದ್ರು ಗೌಡ್ರೇ? ಹುಡುಗ ಹೇಗಿದಾನೆ?" ಎಂದು ನಾನು ಎದ್ದು ಓಡಿದೆ.

"ಕೋಲು ಹಿಡ್ಕೊಂಡು ನಡೀತಾವ್ನೆ. ಅವರವ್ವ ಜಗುಲಿ ಮೇಲಿದ್ಲು. ನಾನೇ ಬಸ್ಸಿನೋನು ತಾಯಿ ಅಂದೆ. ಸುಮ್ಕೆ ಒಳಕ್ಕೆ ಎದ್ದೋದ್ಲು. ನಾನು ಅಂಗಳದಲ್ಲೇ ನಿಂತ್ಕೊಂಡಿದ್ದೆ." ಗೌಡರು ಉಸಿರು ಎಳೆದುಕೊಂಡರು. "ಆಮೇಲೆ ಆಚೆ ಬಂದು ಮಜ್ಜಿಗೆ ಕೊಟ್ಲು ಕಣಪ್ಪಾ."